ಶಿಲ್ಪಾಳ ಗುಳಿಗೆ

ಶಿರಸಿ ಬಸ್ ನಿಲ್ದಾಣದಲ್ಲಿ ಕಾನಸೂರಿನ ಬಸ್ಸಿಗೆ ಕಾಯುತ್ತಿದ್ದ ತನುಜಾಗೆ ಪಕ್ಕದ ಬೆಂಚಿನ ತಾಯಿ-ಮಗನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ನಿನ್ನ ಹೇಣ್ತಿ ಇವತ್ತೂ ಹಾಸಿಗಿ ಬಿಟ್ಟು ಎದ್ದಿಲ್ಲ. ತಲಿ ಬಾಚ್ಕೊಳ್ಳಾಕೂ ಆಗೂದಿಲ್ಲಂತ. ಬಾಚಣಿಕಿ ಏನ್ ಕಬ್ಬಿಣದ ಹಾರಿಯೇನೋ ರವೀಂದ್ರ?”

“ಖಿನ್ನತಿ ಅಂದಾರವ್ವ ಡಾಕ್ಟ್ರು. ಅದೂ ಒಂದ್ ಜಡ್ಡ.”

“ಜಡ್ಡಂದ್ರ ಜ್ವರ ಇರಬೇಕು, ಕೆಮ್ಮು ಇರಬೇಕು. ಶಿಲ್ಪಾಗ ಏನೈತಿ? ಮೈಗಳ್ಳತನಕ್ಕ ಡಾಕ್ಟ್ರು ಛಂದನ್ನ ಹೆಸರಿಟ್ಟಾರ.”

“ಗುಳಿಗಿ ತಗೊಳ್ಳಾಕತ್ತಾಳಲ್ಲ, ಕಡಿಮಿ ಆಕ್ಕೈತಿ.”

“ಎಲ್ಲಿ ಗುಳಿಗಿ? ಹೋದ ವಾರನ ನಾ ಒಲಿಗೆ ಹಾಕೀನಿ.”

ತನುಜಾಗೆ ಸುಮ್ಮನೆ ಕೂರಲಾಗಲಿಲ್ಲ. ಹೋದ ವರ್ಷ ಅವಳೂ ಹೀಗೇ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಒಂದು ಲೋಟ ನೀರಿಗಾಗಿ ಏಳಬೇಕೆಂದರೂ ಅಳು ಬರುತ್ತಿತ್ತು.

“ಅಮ್ಮ, ಆ ಗುಳಿಗೆ ಹಾಗೆಲ್ಲ ತಟ್ಟನೆ ನಿಲ್ಲಿಸಲಾಗ. ಆನೂ ತಗಳ್ತೆ. ಅದಕ್ಕೇ ಈಗ ಎದ್ದು ಓಡಾಡ್ತೆ,” ಎಂದಳು ತನ್ನ ಹವ್ಯಕ ಮಾತಿನಲ್ಲೇ.

ಮುದುಕಿ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. “ನಿನಗೂ ಐತೇನು? ಊರ ತುಂಬ ಇಂಥಾವ್ರ ಆಗೀರಿ ಬಿಡು.”

ಬನವಾಸಿ ಬಸ್ ಬಂತು. ತಾಯಿ ಎದ್ದಳು, ಮಗ ಏಳಲಿಲ್ಲ.

“ನೀ ಹೋಗವ್ವ. ನಾ ಮತ್ತ ಡಾಕ್ಟ್ರನ್ನ ಕಂಡು ಗುಳಿಗಿ ತರ್ತೀನಿ. ಇನ್ನ ಮ್ಯಾಲೆ ನನ್ನ ಕೈಯಾರೆ ಕೊಡ್ತೀನಿ.”

“ಕೊಡಪ್ಪಾ, ಕೊಡು. ನೀನೂ ಎರಡು ನುಂಗಿ ಅಕಿ ಮಗ್ಗಲಕ್ಕ ಬಿದ್ಕೊ!”

ಬೈಯುತ್ತಲೇ ಅವಳು ಬಸ್ ಹತ್ತಿದಳು. ರವೀಂದ್ರ ತಿರುಗಿ ನೋಡದೆ ಆಸ್ಪತ್ರೆಯ ದಾರಿ ಹಿಡಿದ.