ಜಾಗ ಬದಲಿ

ಅಲ್ಲಲ್ಲ, ಸ್ಟೂಲಲ್ಲಿ ನಾನು ಕೂರೋದು! ನೀನು ಇಲ್ಲಿಗೆ ಬಾ, ನನ್ನ ಕುರ್ಚಿಗೆ. ಬಾ ಮಾರಾಯ್ತಿ... ಬ್ಯಾಗು ಬಾಗಿಲ ಹತ್ರಾನೇ ಇರ್ಲಿ, ಯಾರೂ ಹೊತ್ಕೊಂಡು ಹೋಗಲ್ಲ. ನಿಮ್ಮಮ್ಮ ಆಟೋ ತರಕ್ಕೆ ಹೋಗಿದಾಳೆ. ಅವಳು ಹೋಗಿ, ಚೌಕಾಶಿ ಮಾಡಿ, ಇಬ್ಬರ ಹತ್ರ ಜಗಳ ಆಡಿ, ಮೂರನೆಯವನನ್ನ ಕರ್ಕೊಂಡು ಬರೋ ಹೊತ್ತಿಗೆ ಕಾಲು ಗಂಟೆ ಗ್ಯಾರಂಟಿ. ಬಸ್ಸು ನಾಲ್ಕೂವರೆಗೆ. ಒಂದೇ ಒಂದಾಟ ಶಿಲ್ಪಾ. ಆಮೇಲೆ ನೀನು ತೀರ್ಥಹಳ್ಳಿಗೆ ಹೋಗು, ಅಜ್ಜಿ ಮನೇಲಿರು, ಅಲ್ಲೇ ಎಂಟನೇ ಕ್ಲಾಸು ಮುಗ್ಸು, ನಾನು ಬೇಡ ಅಂದ್ನಾ? ಟಿಸಿಗೆ ಅರ್ಜಿ ನಾನೇ ಟೈಪ್ ಮಾಡ್ಕೊಟ್ಟಿಲ್ವಾ? ಒಂದೇ ಒಂದು ತಪ್ಪಿಲ್ಲ ಅದರಲ್ಲಿ, ನೋಡಿದ್ಯಾ?... ನೋಡ್ಲಿಲ್ಲ. ಇರ್ಲಿ. ಬ್ಯಾಗಿನ ಸೈಡ್ ಜಿಪ್ಪಲ್ಲಿ ನಿಂಬೆಹಣ್ಣು ಇಟ್ಟಿದೀನಿ. ಹೊಸನಗರ ದಾಟಿದ ಮೇಲೆ ಬರೀ ತಿರುವು, ನಿಂಗೆ ವಾಂತಿ ಬರುತ್ತೆ.

ಹಾಂ, ಹಂಗೆ. ಸರಿಯಾಗಿ ಒರಗಿ ಕೂತ್ಕೋ. ಈಗ ನೀನು ಶಿವಮೂರ್ತಿ. ಸಾಗರ ಕೋರ್ಟಿನ ಎದುರು ಅರ್ಜಿ ಟೈಪ್ ಮಾಡೋ ಶಿವಮೂರ್ತಿ. ನಾನು ಅವನ ಮಗಳು ಶಿಲ್ಪಶ್ರೀ, ಹದಿಮೂರು ವರ್ಷ, ಮಹಾ ಹಟಮಾರಿ. ರೂಲು ನೆನಪಿದೆ ತಾನೆ? ಯಾರ ಜಾಗದಲ್ಲಿ ಕೂತಿದೀವೋ ಅವರ ಮಾತೇ ಆಡ್ಬೇಕು. ನಮ್ಮ ಮಾತು ಸೇರ್ಸೋ ಹಂಗಿಲ್ಲ. ಸುಳ್ಳು ಹೇಳೋ ಹಂಗಿಲ್ಲ... ಯಾಕೆ ನಗ್ತೀಯ? ನಕ್ಕೆ ನೀನು, ನಾನು ನೋಡ್ದೆ. ಸುಳ್ಳು ಹೇಳೋ ಹಂಗಿಲ್ಲ ಅಂದಿದ್ದಕ್ಕಾ?... ನಗು, ನಗು. ನಾಲ್ಕು ತಿಂಗಳಾಯ್ತು ನೀನು ನಕ್ಕು. ಅಂಥ ನಗು ಆದ್ರೂ ಸರಿ.

ಈ ಆಟ ಎಲ್ಲಿಂದ ಬಂತು ಹೇಳು? ಕೋರ್ಟಿಂದ! ಅಣ್ಣ ತಮ್ಮ ಇಬ್ಬರು, ಒಂದು ಬಾವಿಗೋಸ್ಕರ ಹದಿನಾಲ್ಕು ವರ್ಷ ಕೇಸು ನಡೆಸಿದೋರು, ನನ್ನ ಮೇಜಿನ ಮುಂದೇನೇ ಹೊಡೆದಾಟಕ್ಕೆ ನಿಂತ್ರು. ಥೂ, ಏಳ್ರೋ ಇಬ್ರೂ, ಅಂತ ಎಬ್ಬಿಸಿ, ಇವನ ಜಾಗದಲ್ಲಿ ಅವನನ್ನ, ಅವನ ಜಾಗದಲ್ಲಿ ಇವನನ್ನ ಕೂರ್ಸ್ದೆ. ಈಗ ನೀನು ಅವನ ಕಷ್ಟ ಹೇಳು, ಅವನು ನಿನ್ನ ಕಷ್ಟ ಹೇಳ್ತಾನೆ ಅಂದೆ. ಐದೇ ನಿಮಿಷ! ಅಣ್ಣ ಅನ್ನೋನು ಗಳಗಳ ಅಂತ ಅತ್ತ. ಅವತ್ತೇ ರಾಜಿ. 'ಉಭಯ ಪಕ್ಷದವರೂ ಯಾರ ಒತ್ತಾಯವೂ ಇಲ್ಲದೆ ಸ್ವಸಂತೋಷದಿಂದ ಒಪ್ಪಿರುತ್ತೇವೆ'... ಈ ಸಾಲು ಎಷ್ಟು ಸಾವಿರ ಸಲ ಹೊಡೆದಿದೀನೋ ಏನೋ, ಕಣ್ಮುಚ್ಕೊಂಡು ಹೊಡೀತೀನಿ. ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ. ರಾಜಿಯಾದವನು ಮಾತ್ರ ಮನೆಗೆ ಹೋಗಿ ಉಂಡು ಮಲಗ್ದ. ಅದನ್ನೇ ನಿಂಗೂ ಕಲಿಸ್ದೆ. ತಪ್ಪಾ?... ಹೇಳು, ಮಕ್ಕಳಿಗೆ ಅದನ್ನ ಕಲಿಸೋದು ತಪ್ಪಾ?

ಆರು ವರ್ಷದೋಳಿದ್ದಾಗ ಎಷ್ಟು ಚಂದ ಆಡ್ತಿದ್ದೆ ನೀನು! ನನ್ನ ಕನ್ನಡಕ ಮೂಗಿನ ತುದಿಗೆ ಇಟ್ಕೊಂಡು, 'ಏ ಶಿಲ್ಪಾ, ಕೀಬೋರ್ಡ್ ಮುಟ್ಟಿದ್ರೆ ಕೈ ಮುರೀತೀನಿ' ಅಂತ ನನ್ನ ದನೀಲೇ ಗದರ್ತಿದ್ದೆ. ಒಂದು ಸಲ ಸುಚಿತ್ರಾ ನಿನ್ನ ರಬ್ಬರು ಕದ್ಲು ಅಂತ ಮುಖ ಊದಿಸ್ಕೊಂಡು ಬಂದೆ. ಸ್ಟೂಲ್ ಮೇಲೆ ಕೂರ್ಸಿ, ಈಗ ನೀನೇ ಸುಚಿ, ಯಾಕೆ ಕದ್ದೆ ಹೇಳು ಅಂದೆ. 'ನಂಗೆ ಅಪ್ಪ ಇಲ್ಲ, ರಬ್ಬರ್ ತಂದ್ಕೊಡೋರು ಯಾರಿಲ್ಲ' ಅಂದೆ. ಮಾರನೇ ದಿನ ಪೆನ್ಸಿಲ್ಲೂ ಅವಳಿಗೇ ಕೊಟ್ಟು ಬಂದೆ! ನಿಮ್ಮಮ್ಮನ ಮುಂದೆ ಎಷ್ಟು ಜಂಬ ಕೊಚ್ಕೊಂಡೆ ಗೊತ್ತಾ ಅವತ್ತು... ಯಾಕೆ ಆ ಕಡೆ ತಿರುಗ್ತೀಯ? ಹೆಸರು ಎತ್ಬಾರ್ದಾ? ಏಳು ವರ್ಷ ಈ ಮನೇಲಿ ನಿನ್ನ ಪಕ್ಕ ಕೂತು ಉಂಡ ಹುಡುಗಿ ಕಣೇ ಅದು.

ಸಿಟ್ಟು ಎಂತದ್ದು ಅಂತ ಗೊತ್ತು ನಂಗೆ. ದುರ್ಗೇಶನ ವಿಷಯ ಅಲ್ವಾ? ಅವನ ಪಿಕಪ್ ಹೊಡೆದೇ ಸುಚಿ ಸತ್ತಿದ್ದು. ನಾನು ಇಲ್ಲ ಅಂದಿಲ್ಲ. 'ಅಪ್ಪಾ, ಅವನು ಫೋನಲ್ಲಿ ಮಾತಾಡ್ತಿದ್ದ' ಅಂತ ನೀನು ಅವತ್ತು ಸಂಜೆ ನಂಗೊಬ್ಬನಿಗೇ ಹೇಳ್ದೆ. ಹೇಳಿ ನನ್ನ ಮುಖಾನೇ ನೋಡ್ತಾ ನಿಂತಿದ್ದೆ. ನಾನೇನಂದೆ? ಅವನ ಜಾಗದಲ್ಲಿ ನಿಂತು ನೋಡು ಅಂದೆ. ಎರಡು ಸಣ್ಣ ಮಕ್ಕಳು, ಹಾಸಿಗೆ ಹಿಡಿದ ತಾಯಿ. ಬೇಕು ಅಂತ ಮಾಡಿದ್ದಲ್ಲ. ಅವನು ಜೈಲಿಗೆ ಹೋದ್ರೆ ಸುಚಿ ಎದ್ದು ಬರ್ತಾಳಾ? ಹೊಟ್ಟೆಗೆ ಹಾಕ್ಕೋ, ನೋಡ್ಲಿಲ್ಲ ಅಂದ್ಬಿಡು, ಅಂತ ಮೂರು ದಿನ ಕೂರ್ಸಿ ಕೂರ್ಸಿ ಹೇಳ್ದೆ. ಪೊಲೀಸಿನವರು ಕೇಳಿದಾಗ ನೀನು 'ನೋಡ್ಲಿಲ್ಲ' ಅಂದೆ. ಸರಿ, ಅದು ಬಿಡು. ಸುಚಿ ಅಮ್ಮ, ಅನ್ನಪೂರ್ಣಕ್ಕ ಕೇಳಿದ್ಲಲ್ಲ... ಸುಚಿ ಫೋಟೋದ ಮುಂದೆ ಕೂತು, ನಿನ್ನ ಎರಡೂ ಕೈ ಹಿಡ್ಕೊಂಡು, 'ಹೇಳು ಮಗಾ, ಅವನದ್ದು ತಪ್ಪಾ, ಇಲ್ಲ ನನ್ನ ಮಗಳೇ ಅಡ್ಡ ಬಂದ್ಲಾ?' ಅಂತ. ನೀನು ನನ್ನ ಕಡೆ ಒಂದು ಸಲ ನೋಡಿ, 'ನಾನು ನೋಡ್ಲಿಲ್ಲ ಆಂಟಿ' ಅಂದೆ.

ನಂಗೆ ಹೆಮ್ಮೆ ಆಯ್ತು ಕಣೇ! ಥೂ, ನನ್ನ ಬಾಯಿಗೆ... ಹೆಮ್ಮೆ ಆಯ್ತು. ಎಷ್ಟು ದೊಡ್ಡ ಮನಸ್ಸು ನನ್ನ ಮಗಳದ್ದು ಅಂತ.

ಆಮೇಲೆ ಊರೆಲ್ಲ 'ಸೈಕಲ್ಲೇ ಅಡ್ಡ ಬಂತಂತೆ' ಅಂತ ಮಾತಾಡ್ತು. ಅನ್ನಪೂರ್ಣಕ್ಕ, 'ನಾನೇ ಸೈಕಲ್ ಕೊಡ್ಸಿ ನನ್ನ ಕೂಸನ್ನ ಕೊಂದೆ' ಅಂತ ಎದೆ ಬಡ್ಕೋತಾಳಂತೆ. ನಂಗೆ ಗೊತ್ತಿಲ್ಲ ಅಂದ್ಕೊಂಡಿದೀಯಾ? ಗೊತ್ತು. ಅವಳು ಎದುರಿಗೆ ಬಂದ್ರೆ ನಾನು ಪೇಟೇಲಿ ರಸ್ತೆ ದಾಟಿ ಆಚೆ ಕಡೆ ಹೋಗ್ತೀನಿ. ಅವತ್ತಿಂದ ನೀನು ನನ್ನ ಹತ್ರ ಒಂದು ಮಾತಾಡಿಲ್ಲ. ಊಟಕ್ಕೆ ಕರೆದ್ರೆ ಬರ್ತೀಯ, ಉಣ್ತೀಯ, ಏಳ್ತೀಯ. ಬೈದ್ರೂ ಇಲ್ಲ, ಬೇಡ್ಕೊಂಡ್ರೂ ಇಲ್ಲ. ಈ ಮನೇಲಿ ಎಷ್ಟು ಮಾತಾಡ್ತಿದ್ವಿ ನಾವು ಶಿಲ್ಪಾ! ನಿಮ್ಮಮ್ಮ ಕಿವಿ ಮುಚ್ಕೊಂಡು ಓಡ್ತಿದ್ಲು. ನೀನು ಹಿಂಗೇ ಬಸ್ಸು ಹತ್ತಿ ಹೋದ್ರೆ... ನಂಗೊತ್ತು, ಆಮೇಲೆ ನೀನು ರಜಕ್ಕೆ ಬರ್ತೀಯ, ಹಬ್ಬಕ್ಕೆ ಬರ್ತೀಯ, ಆದ್ರೆ ನಂಗೆ ಮಗಳು ಇರಲ್ಲ. ಅದಕ್ಕೇ ಕೂರ್ಸಿರೋದು. ಒಂದು ಮಾತಾಡು. ಬೈಗುಳಾನೇ ಆಗ್ಲಿ.

ಸರಿ, ಮೊದಲು ನಾನೇ ಶುರು ಮಾಡ್ತೀನಿ. ನಾನು ಈಗ ಶಿಲ್ಪಾ. 'ಅವತ್ತು ಶನಿವಾರ, ಬೆಳಗಿನ ಸ್ಕೂಲು. ಬಿಟ್ಟ ಮೇಲೆ ನಾನು ಮನೆಗೆ ಬರದೆ ಸುಚಿ ಜೊತೆ ಅವರ ಮನೆಗೆ ಹೊರಟೆ, ವರದಮೂಲದ ರಸ್ತೇಲಿ. ಅವಳು ಸೈಕಲ್ ಮೇಲೆ, ನಾನು ಪಕ್ಕದಲ್ಲಿ ನಡ್ಕೊಂಡು.' ಸರಿ ಇದ್ಯಾ? ತಲೆ ಆಡ್ಸು ಸಾಕು... ಹೂಂ. 'ಎದುರಿಂದ ಪಿಕಪ್ ಬಂತು. ಸುಚಿ ಎಡಗಡೇನೇ ಇದ್ಲು. ಅಡ್ಡ ಬರ್ಲೇ ಇಲ್ಲ.' ನೋಡು, ಹೇಳ್ತಿದೀನಲ್ಲ, ಮುಚ್ಚಿಡ್ತಿಲ್ಲ. 'ಅವಳು ಹಾರಿ ಬಿದ್ಲು. ದುರ್ಗೇಶ ಗಾಡಿ ಇಳಿದು, ಅಯ್ಯಯ್ಯೋ ಅಂತ ಕೂಗ್ಕೊಂಡು ಜನ ಕರೆಯಕ್ಕೆ ಗದ್ದೆ ಕಡೆ ಓಡ್ದ. ಅಲ್ಲಿ ನಾನೊಬ್ಳೇ. ಅವನ ಫೋನು ರಸ್ತೇಲಿ ಬಿದ್ದಿತ್ತು, ಇನ್ನೂ ಆನ್ ಇತ್ತು. ಎತ್ತಿ ಕಿವಿಗಿಟ್ಕೊಂಡ್ರೆ... ಅಪ್ಪಾ, ಅಪ್ಪಾ, ಬೇಗ ಬಾ, ಸುಚಿ ಕಣ್ಣು ಬಿಡ್ತಿದಾಳೆ, ಅಂತ...'

ಎಂತ?

ಎಂತಕ್ಕೆ ಹಂಗೆ ನೋಡ್ತೀಯ?

ಆ ಫೋನು ನೀನು ಎತ್ತಿದ ವಿಷಯ... ಅದು ನೀನೇ ಹೇಳಿದ್ದಲ್ವಾ, ಅವತ್ತು... ಹೇಳಿಲ್ವಾ? ಹಂಗಾದ್ರೆ ದುರ್ಗೇಶ ಹೇಳಿರ್ಬೇಕು. ಹೌದು ಹೌದು, ದುರ್ಗೇಶನೇ... ಅವನು ಗದ್ದೇಲಿದ್ದ. ಅಲ್ಲಿ ನೀನೊಬ್ಳೇ ಇದ್ದೆ. ಈಗ ತಾನೆ ನಾನೇ ಅಂದೆ. ಅಲ್ವಾ... ಕೇಳೇ. ನಿಂಗೆ ಹೆಂಗೆ ಗೊತ್ತು ಅಂತ ಕೇಳ್ಬಿಡು ಶಿಲ್ಪಾ. ಕಿರುಚು. ಸುಮ್ನೆ ನೋಡ್ಬೇಡ.

ನಿಂಗೆ ಆಶ್ಚರ್ಯಾನೇ ಆಗ್ಲಿಲ್ಲ.

ನನ್ನ ಹೆಸರು ಬಂದಿತ್ತು ಅಲ್ವಾ ಸ್ಕ್ರೀನ್ ಮೇಲೆ? ಹೆಸರು ಯಾಕೆ, ದನಿ ಸಾಕಲ್ಲ. ಹಲೋ, ಹಲೋ, ಎಂತಾಯ್ತೋ ದುರ್ಗೇಶಾ, ಅಂತ ಈ ಕಡೆ ಕೂಗ್ತಿದ್ದೆ ನಾನು. ಅಪ್ಪನ ದನಿ ಮಗಳಿಗೆ ಗೊತ್ತಾಗಲ್ವಾ... ನಾನೇ ಕಣೇ. ಅವನು ಮಾತಾಡ್ತಿದ್ದಿದ್ದು ನನ್ನ ಹತ್ರ. ಮೂರು ಸಲ ಫೋನ್ ಮಾಡಿದ್ದೆ. ಎರಡು ಸಲ ಎತ್ತಲಿಲ್ಲ ಪಾಪ, ಗಾಡಿ ಓಡಿಸ್ತಿದ್ದ. ಮೂರನೇ ಸಲ ಎತ್ತಿದ. ಎಂತಕ್ಕೆ ಮಾಡಿದ್ದೆ ಗೊತ್ತಾ? ಮೇಜು. ನಿಂಗೆ ಓದಕ್ಕೆ ಅಂತ ವರದಮೂಲದ ಹತ್ರ ಆಚಾರಿ ಕೈಲಿ ಒಂದು ಮೇಜು ಮಾಡ್ಸಿದ್ದೆ. ಹಲಸಿನ ಮರದ್ದು, ಎರಡು ಡ್ರಾಯರ್ ಇರೋದು. ಅದನ್ನೇ ದುರ್ಗೇಶ ಪಿಕಪ್ಪಲ್ಲಿ ತರ್ತಿದ್ದ. ನೀನು ಸ್ಕೂಲಿಂದ ಬರೋದ್ರೊಳಗೆ ಇಳಿಸಿ, ಬಟ್ಟೆ ಹೊದಿಸಿ ಇಡ್ಬೇಕು ಅಂತ ಆಸೆ. ಎಲ್ಲಿದೀಯೋ, ಬೇಗ ಬಾರೋ, ಮಗಳು ಬಂದ್ಬಿಡ್ತಾಳೆ ಅಂತ ಅವನ ಜೀವ ತಿಂದೆ. ನೀನು ಅದೇ ರಸ್ತೇಲಿದೀಯ ಅಂತ ನಂಗೇನು ಗೊತ್ತು? ಆ ಮೇಜನ್ನ ಆಚಾರಿಗೆ ವಾಪಸ್ ಕಳಿಸ್ದೆ. ನಂಗೆ ನೋಡಕ್ಕೇ ಆಗ್ಲಿಲ್ಲ.

ಸದ್ದು ಕೇಳ್ತು. ಆಮೇಲೆ ಒಂದು ಹುಡುಗಿ ಕೂಗು. ಆಮೇಲೆ ನೀನು 'ಅಪ್ಪಾ' ಅಂದೆ. ನೀನು ಬದುಕಿದೀಯ! ದೇವ್ರೇ, ಎಷ್ಟು ಸಂತೋಷ ಆಯ್ತು ಅಂತೀಯ. ಆದ್ರೆ ಮರುಕ್ಷಣ ತಲೆಗೆ ಬಂದಿದ್ದು... ನೀನಲ್ಲ, ಸುಚೀನೂ ಅಲ್ಲ. ಕೋರ್ಟಿನ ಕಾಗದ. ಡ್ರೈವರ್ ಫೋನಲ್ಲಿ ಯಾರ ಹತ್ರ ಮಾತಾಡ್ತಿದ್ದ, ಎಷ್ಟು ಗಂಟೆಗೆ... ಅಂಥ ಕಾಗದ ನಾನೇ ಎಷ್ಟು ಟೈಪ್ ಮಾಡಿಲ್ಲ! ನೀನು 'ಬೇಗ ಬಾ' ಅಂತಿದ್ದೆ. ನಾನು ಕಟ್ ಮಾಡ್ದೆ.

ಕಟ್ ಮಾಡಿ ಮುಕ್ಕಾಲು ಗಂಟೆ ಅಲ್ಲೇ ಕೂತಿದ್ದೆ. ಆಂಬುಲೆನ್ಸಿಗೆ ಮಾಡ್ಬೋದಿತ್ತು, ಮಾಡ್ಲಿಲ್ಲ. ಯಾರಾದ್ರೂ ಬಂದು ಸುದ್ದಿ ಹೇಳ್ಲಿ ಅಂತ ಕಾದೆ. ಹೇಳಿದ ಮೇಲೆ ಓಡಿ ಬಂದು, ಏನೂ ಗೊತ್ತಿಲ್ದೋನ ಹಂಗೆ 'ಎಂತಾಯ್ತು ಮಗಾ' ಅಂದೆ. ಅವತ್ತೂ ನೀನು ಹಿಂಗೇ ನೋಡಿದ್ದೆ. ಆಸ್ಪತ್ರೇಲಿ ಡಾಕ್ಟ್ರನ್ನ ಕೇಳ್ದೆ, ಸುಮ್ನೆ ಕೇಳ್ದಂಗೆ, ಇನ್ನೂ ಸ್ವಲ್ಪ ಬೇಗ ತಂದಿದ್ರೆ ಅಂತ. ಅವರು ಭುಜ ತಟ್ಟಿ ಹೋದ್ರು.

ನೀನು ದುರ್ಗೇಶನ ಜಾಗದಲ್ಲಿ ನಿಂತು 'ನೋಡ್ಲಿಲ್ಲ' ಅಂದಿದ್ದಲ್ಲ, ಅಲ್ವಾ?... ನನ್ನ ಜಾಗದಲ್ಲಿ. ನಾನು ದುರ್ಗೇಶ ದುರ್ಗೇಶ ಅಂತ ಬಾಯಿ ನೋಯಿಸ್ಕೊಂಡೆ, ನೀನು ಎಲ್ಲಾ ಗೊತ್ತಿದ್ದೂ ನನ್ನ ಉಳಿಸ್ದೆ. ಅಯ್ಯೋ ಮಗಾ, ಅಳ್ಬೇಡ... ಅಳು. ಅಳು, ಪರವಾಗಿಲ್ಲ.

ಎಂತ ಮಾಡ್ತಿದೀಯ? ನನ್ನ ಫೋನು ಯಾಕೆ? ಯಾರಿಗೆ?... ಬೇಡ ಶಿಲ್ಪಾ. ಅನ್ನಪೂರ್ಣಕ್ಕಂಗೆ ಈಗ ಬೇಡ. ನಾಳೆ ನಾನೇ ಅವರ ಮನೆಗೆ ಹೋಗಿ... ನಿಮ್ಮಮ್ಮ ಇನ್ನೇನು ಬಂದ್ಬಿಡ್ತಾಳೆ... ರಿಂಗ್ ಆಗ್ತಿದೆ. ಸರಿ, ಕೊಡು. ನಾನೇ ಹೇಳ್ತೀನಿ. ಕಟ್ ಮಾಡಲ್ಲ. ನಿನ್ನಾಣೆ, ಕಟ್ ಮಾಡಲ್ಲ.

ಹಲೋ... ಅಕ್ಕಾ? ನಾನಕ್ಕಾ, ಶಿವಮೂರ್ತಿ. ಶಿಲ್ಪಾ ಅಪ್ಪ. ಊಟ ಆಯ್ತಾ?... ಹೂಂ. ಹೂಂ ಅಕ್ಕಾ. ಒಂದು ವಿಷಯ ಹೇಳ್ಬೇಕಿತ್ತು. ಸುಚಿ... ಅವತ್ತು ಸುಚಿ ಸೈಕಲ್ಲು... ಅದೇ... ಶಿಲ್ಪಾ ಇವತ್ತು ತೀರ್ಥಹಳ್ಳಿಗೆ ಹೊರಟಿದಾಳೆ. ಹೂಂ, ಅಜ್ಜಿ ಮನೆಗೆ. ಹೇಳೋಣ ಅಂತ ಮಾಡ್ದೆ. ಅಷ್ಟೇ ಅಕ್ಕಾ... ಹಾಂ? ಹಾಂ, ಇಲ್ಲೇ ಇದಾಳೆ...

ಆಗ್ಲಿಲ್ಲ ಮಗಾ. ಬಾಯಿವರೆಗೂ ಬಂತು, ಆಗ್ಲಿಲ್ಲ... ಲೈನಲ್ಲೇ ಇದಾಳೆ, ಕೈ ಅಡ್ಡ ಇಟ್ಟಿದೀನಿ. ಹೋಗೋ ಮುಂಚೆ ನಿನ್ನ ದನಿ ಒಂದು ಸಲ ಕೇಳ್ಬೇಕಂತೆ.

ತಗೋ. ನನ್ನ ಮುಖ ನೋಡ್ಬೇಡ. ಅಪ್ಪ ಏನಾಗ್ತಾನೆ, ಅಪ್ಪಂಗೆ ಜನ ಏನಂತಾರೆ, ಅಂತ ಯೋಚ್ನೆ ಮಾಡೀ ಮಾಡೀನೇ ನೀನು ಮೂಗಿ ಆಗಿದ್ದು. ಸಾಕು. ಏಳು ಆ ಕುರ್ಚಿಯಿಂದ. ನನ್ನ ಜಾಗದಲ್ಲಿ ಇನ್ನು ಕೂರ್ಬೇಡ. ಎದ್ದು ನಿಂತ್ಕೊಂಡು, ಸುಚಿ ಎಡಗಡೇನೇ ಇದ್ಲು ಅಂತ ಹೇಳು. ಮಿಕ್ಕಿದ್ದೂ ಹೇಳು... ಮಾತಾಡು ಮಗಾ, ಅಕ್ಕ ಅಲ್ಲಿ ಹಲೋ ಹಲೋ ಅಂತಿದಾಳೆ.