ಮೆಹಬೂಬ ಭಾಯಿಯ ಸ್ಪೀಕರ್ ಡಬ್ಬಿ, ರಹಿಮತಬಿಯವರ ಕಿವಿ

ವೇದಿಕೆಯ ಮೇಲಿರುವ ಹಿರಿಯರೆ, ಅಂಬೇವಾಡಿಯ ನೆರೆಹೊರೆಯವರೆ, ಕೋಗಿಲಬನದಿಂದ ಬಂದಿರುವ ತಾಯಂದಿರೆ, ಮುಂದಿನ ಸಾಲಿನಲ್ಲಿ ಕುಳಿತಿರುವ ಮೆಹಬೂಬ ಭಾಯಿಯ ಮಗಳು ಮಹೆಜಬೀನ — ನಿಮಗೆಲ್ಲ ಉದಯಕುಮಾರನ ನಮಸ್ಕಾರ, ಸಲಾಂ. ಮೆಹಬೂಬ ಭಾಯಿಯವರ ಪತ್ನಿ ರಹಿಮತಬಿ ಭಾಬಿಯವರು ಇಲ್ಲಿಲ್ಲ. ಗಂಡ ತೀರಿಕೊಂಡ ಮೇಲೆ ಹೊರಗೆ ಬಾರದೆ ಮನೆಯಲ್ಲೇ ಇರುವ ಇದ್ದತ್ ದಿನಗಳು ಅವರವು. ಆದರೆ ನಾನು ಹೇಳಬೇಕಾದ್ದರಲ್ಲಿ ಅವರದೇ ಅರ್ಧ.

ಮೆಹಬೂಬ ಭಾಯಿ ಮತ್ತು ನಾನು ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಒಂದೇ ಮೇಜಿನ ಎರಡು ಬದಿಗೆ ಕುಳಿತು ಕೆಲಸ ಮಾಡಿದವರು. ಅವರದು ಮಾತು ಕಡಿಮೆ, ಸಿಟ್ಟು ಸ್ವಲ್ಪ ಜಾಸ್ತಿ — ಯಾರೋ ನಗುತ್ತಿದ್ದೀರಿ, ಬೈಸಿಕೊಂಡವರೇ ಇರಬೇಕು. ಹೊಗಳುವುದಕ್ಕೆ ನನಗೆ ಬರುವುದಿಲ್ಲ. ನಡೆದದ್ದನ್ನು ಹೇಳಿ ಇಳಿಯುತ್ತೇನೆ.

ಅಂಗಡಿಯ ಕೆಲಸ ಅವರಿಗೆ ಹೊಟ್ಟೆಪಾಡು. ಜೀವ ಇದ್ದದ್ದು ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ. ಹಳೆಯ ರೇಡಿಯೊ, ಟಿವಿಗಳಿಂದ ಬಿಚ್ಚಿದ ಸ್ಪೀಕರ್‌ಗಳು, ಸಾಗವಾನಿ ತುಂಡುಗಳು, ಪ್ಲೈವುಡ್ಡು. ಅಲ್ಲಿ ಅವರು ಸ್ಪೀಕರ್ ಡಬ್ಬಿ ಕಟ್ಟುತ್ತಿದ್ದರು. ಒಂದು ಡಬ್ಬಿಗೆ ಒಂದೇ ಸ್ಪೀಕರ್. ದಪ್ಪ ದನಿಗೆ ಒಂದು, ಸಣ್ಣ ದನಿಗೆ ಇನ್ನೊಂದು ಇಡುವುದು ಅವರಿಗೆ ಸೇರುತ್ತಿರಲಿಲ್ಲ. "ಮನಷ್ಯಾಗ ಬಾಯಿ ಎಷ್ಟದಾವ ಉದಯಾ? ಒಂದ ಅಲ್ಲ? ಡಬ್ಬಿಗೂ ಒಂದ ಇರ್ಲಿ" ಎನ್ನುತ್ತಿದ್ದರು.

ಒಂದೇ ಸ್ಪೀಕರ್ ಇಟ್ಟರೆ ದನಿ ಬಡವಾಗುತ್ತದೆ. ಅದಕ್ಕೆ ಡಬ್ಬಿಯೊಳಗೆ ಹಲಗೆಗಳನ್ನು ಅಡ್ಡಡ್ಡ ಜೋಡಿಸಿ ದಾರಿ ಮಾಡುತ್ತಿದ್ದರು — ಹೀಗೆ ಮೇಲೆ ಹೋಗಿ, ಹೀಗೆ ತಿರುಗಿ, ಹೀಗೆ ಕೆಳಗೆ. ಸ್ಪೀಕರಿನ ಬೆನ್ನಿನಿಂದ ಹೊರಟ ಸದ್ದು ಆ ದಾರಿಯೆಲ್ಲ ಸುತ್ತಿ, ಮೈ ತುಂಬಿಕೊಂಡು ಕೆಳಗಿನ ಕಿಂಡಿಯಿಂದ ಹೊರಗೆ ಬರಬೇಕು. ಮನಸ್ಸಿಗೆ ಬರದಿದ್ದರೆ ಡಬ್ಬಿಯನ್ನು ಒಡೆದು ಮತ್ತೆ ಕಟ್ಟುವರು. ಭಾಬಿ ಅಂಗಳದಲ್ಲಿ ಅಕ್ಕಿ ಆರಿಸುತ್ತ ಕೇಳಿಯೂ ಕೇಳದ ಹಾಗೆ ಇರುತ್ತಿದ್ದರು.

ಮಹಾದೇವಕ್ಕನವರು ಇಲ್ಲೇ ಕುಳಿತಿದ್ದಾರೆ. ಕೋಗಿಲಬನದ ಹೆಣ್ಣುಮಕ್ಕಳ ಭಜನಿ ಮೇಳ ನಡೆಸುವವರು. ಬಾಡಿಗೆಗೆ ತಂದ ದೊಡ್ಡ ಸ್ಪೀಕರಿನಲ್ಲಿ ಎದೆ ನಡುಗುತ್ತದೆ, ಹಾಡಿನ ಮಾತು ಮಾತ್ರ ಹಿಂದೆ ಕುಳಿತವರಿಗೆ ತಿಳಿಯುವುದಿಲ್ಲ ಎಂದು ಮೆಹಬೂಬ ಭಾಯಿಯ ಹತ್ತಿರ ಬಂದರು. ಭಾಯಿ ಒಪ್ಪಿಕೊಂಡರು. ಆಳೆತ್ತರದ ಡಬ್ಬಿ, ಸಾಗವಾನಿಯ ಮುಖ — ನೋಡಿದರೆ ಕೈಯಾಡಿಸಬೇಕು ಅನಿಸುವಂಥದ್ದು. ಆಟೋದಲ್ಲಿ ಮಲಗಿಸಿಕೊಂಡು ಕೋಗಿಲಬನಕ್ಕೆ ಒಯ್ದೆವು. ಭಾಬಿಯೂ ಬಂದಿದ್ದರು.

ಮಹಾದೇವಕ್ಕ ಮೈಕ್ ಹಿಡಿದು ಹಾಡಿದರು. ಮೊದಲು ಚೆನ್ನಾಗಿಯೇ ಇತ್ತು. ದನಿ ಏರಿದ ಕೂಡಲೇ ಡಬ್ಬಿಯೊಳಗಿಂದ ಸಣ್ಣಗೆ — ಝುಂಯ್ — ಅಂತ ಒಂದು ಸದ್ದು. ಮತ್ತೆ ಏರಿಸಿದರು. ಮತ್ತೆ ಝುಂಯ್. ಹೆಣ್ಣುಮಕ್ಕಳು ಮುಖ ಮುಖ ನೋಡಿಕೊಂಡರು. ಭಾಯಿ ಮಾತ್ರ ಕಣ್ಣು ಮುಚ್ಚಿ ತಲೆ ಆಡಿಸುತ್ತಿದ್ದರು. ಹಾಡು ನಿಂತಾಗ ಕಣ್ಣು ತೆರೆದು ಕೇಳಿದರು:

"ಹೆಂಗೈತ್ರಿ, ಅಕ್ಕಾರ?"

ಮಹಾದೇವಕ್ಕ ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವವರಲ್ಲ. "ಮೆಹಬೂಬಣ್ಣಾ, ಒಳಗ ಜೇನುಹುಳ ಕುಂತೈತೇನ್ರಿ? ನನ್ನ ಜೋಡಿ ಅದೂ ಹಾಡಾಕತ್ತೈತಿ!"

ಎಲ್ಲರೂ ನಕ್ಕರು. ಭಾಯಿಯೂ ನಕ್ಕರು, ತಮಾಷೆ ಅಂದುಕೊಂಡು. "ಇನ್ನೊಮ್ಮೆ ಹಾಡ್ರಿ" ಅಂದರು. ಡಬ್ಬಿಗೆ ಕಿವಿ ಹಚ್ಚಿದರು. ನಮಗೆಲ್ಲ ಆ ಸದ್ದು ಕೇಳುತ್ತಿದೆ — ಅವರಿಗಿಲ್ಲ. ಆಮೇಲೆ ಡಬ್ಬಿಯ ಮಗ್ಗುಲಿಗೆ ಅಂಗೈ ಇಟ್ಟರು. ಹಲಗೆ ನಡುಗುತ್ತಿರುವುದು ಕೈಗೆ ತಿಳಿಯಿತು. ಅವರು ಭಾಬಿಯ ಕಡೆ ನೋಡಿದರು. ಭಾಬಿ ತಲೆ ತಗ್ಗಿಸಿದ್ದರು.

ಅಲ್ಲಿಯವರೆಗೆ ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಕರೆದರೆ ತಿರುಗುತ್ತಿರಲಿಲ್ಲ, ಕೆಲಸದ ಗುಂಗು ಅಂದುಕೊಂಡಿದ್ದೆವು. ಭಾಯಿ ಮಹಾದೇವಕ್ಕನ ಕೈಯಿಂದ ಮೈಕ್ ಇಸಿದುಕೊಂಡು ನೆಟ್ಟಗೆ ಹೇಳಿದರು: "ತಪ್ಪು ನಂದೈತ್ರಿ. ಸಣ್ಣ ದನಿ ನನ್ನ ಕಿವಿಗೆ ಕೇಳಸವಲ್ದು. ಭಾಳ ದಿವಸ ಆತು." ಆ ಮಾತು ಅದೇ ಡಬ್ಬಿಯಿಂದ ಕಟ್ಟಕಡೆಯ ಸಾಲಿನವರೆಗೆ ಸ್ಪಷ್ಟವಾಗಿ ಹೋಯಿತು. ಯಾರೂ ನಗಲಿಲ್ಲ.

ವಾಪಸು ಬರುವಾಗ ಆಟೋದಲ್ಲಿ ಅವರಿಬ್ಬರ ನಡುವೆ ಡಬ್ಬಿ. ಭಾಯಿ ಭಾಬಿಯನ್ನು ಕೇಳಿದರು: "ನಿನಗ ಮೊದಲ ಗೊತ್ತಿತ್ತೇನು?"

"ಗೊತ್ತಿತ್ರಿ."

"ಮತ್ಯಾಕ ಹೇಳಲಿಲ್ಲ?"

"ಕಣ್ಣು ಮುಚ್ಚಿ ಅಷ್ಟು ಖುಷಿಲೆ ಕೇಳಾಕತ್ತಿದ್ರಿ. ನಾ ಹೆಂಗ ಹೇಳ್ಲಿ?"

ಭಾಯಿ ಶೆಡ್ಡಿಗೆ ಬೀಗ ಹಾಕಿದರು. ಡಾಕ್ಟರು ಕಿವಿಯ ನರ ಸೋತಿದೆ ಅಂದರು, ಕಿವಿಗೆ ಹಾಕುವ ಮಷೀನು ಕೊಟ್ಟರು. ಮಾತಿಗೆ ಅದು ಸಾಕು, ಡಬ್ಬಿ ಕಟ್ಟುವುದಕ್ಕೆ ಸಾಲದು. ನಾನು ಕೇಳಿದರೆ, "ಕಿವಿ ಇಲ್ಲದಾಂವ ಸ್ಪೀಕರ್ ಡಬ್ಬಿ ಮಾಡ್ತಾನಂತ — ಜನ ಏನಂದಾರು?" ಎಂದು ಬಾಯಿ ಮುಚ್ಚಿಸಿದರು. ಮನೆಯಲ್ಲಿ ಊಟಕ್ಕೆ ಕುಳಿತರೂ ಮಾತಿಲ್ಲ. ಮಹೆಜಬೀನ ನನಗೆ ಫೋನ್ ಮಾಡಿ, "ಕಾಕಾ, ಅಬ್ಬಾಗ ಏನರ ಹೇಳ್ರಿ" ಎಂದಳು.

ಬೀಗ ತೆಗೆದವರು ಭಾಬಿ. ಒಂದು ದಿನ ಹೋದಾಗ ನೋಡುತ್ತೇನೆ — ಭಾಬಿ ಆ ಡಬ್ಬಿಯ ಮುಂದೆ ಮಣೆ ಹಾಕಿ ಕುಳಿತಿದ್ದಾರೆ, ಭಾಯಿ ಬಾಗಿಲಲ್ಲಿ ಗಂಟುಮುಖ ಮಾಡಿ ನಿಂತಿದ್ದಾರೆ. "ನಾ ಹೇಳ್ತೇನ್ರಿ ಝುಂಯ್ ಎಲ್ಲಿ ಅನ್ನತೈತಿ ಅಂತ. ಆದ್ರ ನೀವು ಸಿಟ್ಟಾಗಬಾರದು" ಅಂದರು ಭಾಬಿ. ಹಾಡು ಹಚ್ಚಿಸಿದರು. ಬಗ್ಗಿ, ಎದ್ದು, ಪಕ್ಕಕ್ಕೆ ಸರಿದು, ಕೊನೆಗೆ ಬೆರಳು ಇಟ್ಟರು: "ಇಲ್ಲೆ." ಭಾಯಿ ಒಲ್ಲದ ಮನಸ್ಸಿನಿಂದ ಹಲಗೆ ಬಿಚ್ಚಿದರು. ಅಲ್ಲೇ — ಬೆರಳಿಟ್ಟ ಜಾಗದ ಹಿಂದೆಯೇ — ಒಳಗಿನ ಹಲಗೆಯ ಅಂಟು ಬಿಟ್ಟಿತ್ತು.

ಭಾಯಿ ಸಿಟ್ಟಾಗಲಿಲ್ಲ. ನನ್ನ ಕಡೆ ತಿರುಗಿ, "ಉದಯಾ, ಅಂಟಿನ ಡಬ್ಬಿ ಕೊಡು" ಅಂದರು.

ಅಲ್ಲಿಂದ ಭಾಬಿ ಹೇಳುವುದು, ಭಾಯಿ ತಿದ್ದುವುದು. "ಖಾಲಿ ಕೊಡದಾಗ ಬಾಯಿ ಇಟ್ಟು ಮಾತಾಡಿದಂಗ ಆಗತೈತ್ರಿ" ಎಂದರೆ ಒಳಗೆ ಹತ್ತಿ ಹೆಚ್ಚು ತುಂಬುವರು. ಆ ಹತ್ತಿ ಭಾಬಿ ಹಾಸಿಗೆ ತುಂಬಿಸಲು ತಂದದ್ದು. "ನೆಗಡಿ ಬಂದವರಂಗ ಐತಿ" ಎಂದರೆ ಸ್ವಲ್ಪ ತೆಗೆಯುವರು. ಜಗಳವೂ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. "ನಿನಗೇನು ತಿಳಿತೈತಿ" ಅನ್ನುವರು ಭಾಯಿ. ಮರುದಿನ ಭಾಬಿ ಹೇಳಿದಂತೆಯೇ ಮಾಡಿರುವರು.

ಡಬ್ಬಿ ಮತ್ತೆ ಕೋಗಿಲಬನಕ್ಕೆ ಹೋಯಿತು. ಮಹಾದೇವಕ್ಕ ಎಷ್ಟು ಏರಿಸಿ ಹಾಡಿದರೂ ಬರೀ ಅವರ ದನಿ. ಹಿಂದೆ ಕುಳಿತ ಮುದುಕಿಯರು ಹಾಡಿನ ಮಾತು ಹಿಡಿದು ಜೊತೆಗೆ ಹಾಡಿದರು. ಮೇಳದವರು ಭಾಯಿಗೆ ಶಾಲು ಹೊದಿಸಿದರು. ಅವರು ಆ ಶಾಲನ್ನು ತೆಗೆದು — ಎಲ್ಲರ ಮುಂದೆ — ಭಾಬಿಯ ಕೈಯಲ್ಲಿ ಇಟ್ಟರು. ಮಾತು ಕಡಿಮೆ ಎಂದೆನಲ್ಲ.

ಆಮೇಲೆ ಹಳಿಯಾಳ, ಜೋಯಿಡಾ, ಮುಂಡಗೋಡಕ್ಕೂ ಅವರ ಡಬ್ಬಿಗಳು ಹೋದವು. ಹೋದ ತಿಂಗಳು, ಬೆಳಗಿನ ಚಹಾ ಕುಡಿದು ಶೆಡ್ಡಿಗೆ ಹೋದವರು ಎದೆ ಹಿಡಿದುಕೊಂಡು ಕುಳಿತರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಶೆಡ್ಡಿನಲ್ಲಿ ಒಂದು ಡಬ್ಬಿ ಅರ್ಧಕ್ಕೆ ನಿಂತಿದೆ. ಒಳಗಿನ ದಾರಿ ಆಗಿದೆ, ಮುಖದ ಹಲಗೆ ಇನ್ನೂ ಕೂಡಿಸಿಲ್ಲ.

ಈ ಸಭೆಯ ವಿಷಯ ತಿಳಿಸಲು ಮೊನ್ನೆ ಮನೆಗೆ ಹೋಗಿದ್ದೆ. ಮಹೆಜಬೀನ ಬಾಗಿಲಲ್ಲಿ ನಿಂತಿದ್ದಳು. ಭಾಬಿ ಒಳಗಿನ ಕೋಣೆಯಿಂದಲೇ ಮಾತಾಡಿದರು. ನಡೆದದ್ದನ್ನೆಲ್ಲ ಹೇಳಲೇ ಎಂದು ಕೇಳಿದೆ. "ಹೇಳ್ರಿ. ಕಿವಿದು ಮುಚ್ಚಿಡೂದನ್ನ ಅವರೇ ಬಿಟ್ಟಿದ್ರು" ಅಂದರು. ನಾನು ಹೊರಡುವಾಗ ಮತ್ತೆ ದನಿ ಬಂತು:

"ಉದಯಣ್ಣಾ, ಆ ಡಬ್ಬಿ ಹಂಗ ಬಿಡಬ್ಯಾಡ್ರಿ. ನಿಮಗ ಬಂದಂಗ ಮುಗಸ್ರಿ. ಮುಗಸಿ ಅಂಗಳದಾಗ ಇಟ್ಟು ಹಾಡು ಹಚ್ರಿ. ಸರಿ ಇರದಿದ್ರ ನಾ ಇಲ್ಲಿಂದನ ಹೇಳ್ತೇನಿ."

ನಾನು ಹೂಂ ಅಂದು ಬಂದಿದ್ದೇನೆ.

ಇಷ್ಟೇ ನನ್ನ ಮಾತು. ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಫ್ಯಾನುಗಳನ್ನು ಆರಿಸಿ — ಆ ಮೂಲೆಯದೂ. ಮೆಹಬೂಬ ಭಾಯಿಯನ್ನು ನೆನೆಯುತ್ತ ಸ್ವಲ್ಪ ಹೊತ್ತು ಸುಮ್ಮನಿರೋಣ. ಮೈಕನ್ನೂ ಬಂದ್ ಮಾಡುತ್ತೇನೆ.