ಧಣಿಯ ಕೀಲಿಗೆ ತೆರೆಯದ ಸರ್ವರ್

ಒಂದೂರಲ್ಲಿ ಹಾಲಿನ ಡೈರಿಯ ಧಣಿಯೊಬ್ಬನಿದ್ದ. ಶ್ರೀಮಂತ, ಅಂದಮೇಲೆ ಬುದ್ಧಿವಂತನೂ ಹೌದು. ಹಾಗಂತ ಅವನೇ ಹೇಳಿಕೊಳ್ಳುತ್ತಿದ್ದ. ಹಾಲು ತಂಪಾಗಿಡುವ ಯಂತ್ರವನ್ನು ಡೈರಿಯ ಸರ್ವರ್ ನಡೆಸುತ್ತಿತ್ತು. ಅದಕ್ಕೆ ಅಪ್ಪಣೆ ಕೊಡುವ ಅಧಿಕಾರ ಧಣಿಯೊಬ್ಬನಿಗೇ. ಎಲ್ಲಿದ್ದರೂ ಪಾಸ್‌ವರ್ಡ್ ಇಲ್ಲದೆ ಒಳಹೋಗುತ್ತಿದ್ದ. ಹೇಗೆ? ನೋಡಿ, ಸರ್ವರಿನಲ್ಲಿದ್ದ ತನ್ನ ಫೋಲ್ಡರಿನೊಳಗೆ ಬೀಗದಂಥ ಗುರುತೊಂದನ್ನು ಇಟ್ಟಿದ್ದ. ಅದಕ್ಕೆ ಹೊಂದುವ ಕೀಲಿ ಅವನ ಲ್ಯಾಪ್‌ಟಾಪಿನಲ್ಲಿತ್ತು.

ಧಣಿ ಮಗಳ ನಿಶ್ಚಿತಾರ್ಥಕ್ಕೆ ಪರವೂರಿಗೆ ಹೋಗಿದ್ದಾಗ ಡೈರಿಯಿಂದ ಅವನ ಮ್ಯಾನೇಜರ್ ಫೋನ್ ಮಾಡಿದ. "ಧಣಿ, ಯಂತ್ರ ನಿಂತೋಗಿದೆ. ಬೇಗ ಚಾಲೂ ಮಾಡಿ, ಊರವರು ತಂದ ಹಾಲೆಲ್ಲ ಒಡೆದುಹೋಗತ್ತೆ!"

ಧಣಿ ಕೀಲಿ ಹಾಕಿದ. ಪ್ರವೇಶವಿಲ್ಲ ಎಂದಿತು ಸರ್ವರ್. ಲ್ಯಾಪ್‌ಟಾಪ್ ಆರಿಸಿ ಹಚ್ಚಿದ. ಪ್ರವೇಶವಿಲ್ಲ. ಕುಂಕುಮ ಇಟ್ಟು, ಪೂರ್ವಕ್ಕೆ ಮುಖಮಾಡಿ ಕೂತ. ಆಗಲೂ ಪ್ರವೇಶವಿಲ್ಲ! ನನ್ನ ಡೈರಿ, ನನ್ನ ಸರ್ವರ್, ನನಗೇ ಬಾಗಿಲಿಲ್ಲವೇ ಎಂದು ಧಣಿಗೆ ಮೈಯೆಲ್ಲ ಉರಿಯಿತು.

"ಧಣಿ, ನಿಮ್ಮ ಫೋಲ್ಡರ್ ಎಲ್ಲರಿಗೂ ತೆರೆದಿದೆ ಅಂತ ಇಲ್ಲಿ ಪರದೆ ಮೇಲೆ ಬರ್ತಿದೆ," ಎಂದ ಮ್ಯಾನೇಜರ್. "ಯಾರು ಬೇಕಾದ್ರೂ ಒಳಗೆ ಬರೀಬಹುದು. ಅದಕ್ಕೇ ಅಲ್ಲಿರೋ ಗುರುತು ನಿಮ್ಮದೇ ಅಂತ ಸರ್ವರ್ ನಂಬ್ತಿಲ್ಲ. ದೂರದಿಂದ ಆಗಲ್ಲ, ಇಲ್ಲೇ ಸರ್ವರಿನ ಎದುರಿಗೆ ಕೂತು ಪಾಸ್‌ವರ್ಡ್ ಹಾಕಿ ಮುಚ್ಚಬಹುದು. ನಿಮ್ಮ ಪಾಸ್‌ವರ್ಡ್ ಹೇಳಿ, ಕೈಮುಗೀತೀನಿ."

ತೆರೆದವರು ಯಾರು? ಇವನೇ! ಬೆಳಿಗ್ಗೆ ಭಾವಮೈದ ಫೋಟೊ ಹಾಕಲು ಜಾಗ ಕೇಳಿದ್ದ. ಒಬ್ಬನಿಗೆ ತೆರೆಯುವ ರಗಳೆ ಯಾಕೆಂದು ಪುಣ್ಯಾತ್ಮ ಲೋಕಕ್ಕೆಲ್ಲ ತೆರೆದಿಟ್ಟಿದ್ದ. ಈಗ ಅದೇ ಭಾವಮೈದ ಕಿವಿಯಲ್ಲಿ ಊದಿದ: "ಹೇಳ್ಬೇಡಿ ಭಾವ, ಅವನ ಕಣ್ಣು ಡೈರಿ ಮೇಲಿದೆ."

ಲೋಕಕ್ಕೆ ಬಾಗಿಲು ತೆರೆದವನಿಗೆ ತನ್ನ ಮ್ಯಾನೇಜರ್ ಮೇಲೆ ಸಂಶಯ ಬಂತು. ತಾನೇ ಕಾರು ಹತ್ತಿ ಹೋದ, ಫೋಲ್ಡರ್ ಮುಚ್ಚಿದ. ಕೀಲಿ ತಕ್ಷಣ ಹಿಡಿಯಿತು. ಏನು ಬಂತು? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು. ಊರ ಹಾಲೆಲ್ಲ ಒಡೆದಿತ್ತು. ಮ್ಯಾನೇಜರ್ ತೊಟ್ಟಿ ತೊಳೆಯುತ್ತಿದ್ದ.

ನಗುತ್ತೀರಾ, ಭಕ್ತರೇ? ನಗಿ, ನಗಿ. ನಿಮ್ಮ ಬಳಿ ಕೀಲಿಗಳೇನು ಕಮ್ಮಿಯೇ? ಜಪ, ಉಪವಾಸ, ಅಭಿಷೇಕ. ಆದರೂ ದೇವರು ಬಾಗಿಲು ತೆಗೆಯುತ್ತಿಲ್ಲ ಎಂದು ನನ್ನ ಮುಂದೆ ಅಳುತ್ತೀರಿ. ನಿಮ್ಮ ಮನಸ್ಸೋ, ಹಾಳು ಛತ್ರ! ನಾದಿನಿ ಬಂದು ಒಂದು ಬರೆದಳು, ಪಕ್ಕದ ಮನೆಯವರು ಒಂದು, ಮೊಬೈಲು ಹತ್ತು. ಅದರಲ್ಲಿ ನಿಮ್ಮದು ಯಾವುದೆಂದು ದೇವರಿಗಾದರೂ ಹೇಗೆ ತಿಳಿಯಬೇಕು?

ಇವತ್ತು ಪ್ರಸಾದ ತೆಗೆದುಕೊಂಡು ಹೋಗುವಾಗ ಯಾರಾದರೂ ಇನ್ನೊಬ್ಬರ ಮೇಲೆ ಚಾಡಿ ಹೇಳಲು ನಿಮ್ಮ ಕಿವಿಗೆ ಬಾಯಿ ತಂದರೆ, "ಅವರನ್ನೇ ಕೇಳ್ತೀನಿ ಬಿಡಿ" ಎನ್ನಿ. ಎಂದು ಸುಮ್ಮನಾಗಬೇಡಿ, ಹೋಗಿ ಕೇಳಿ. ನಿಮ್ಮ ಮನೆಯ ಹಾಲು ಇನ್ನೂ ಒಡೆದಿಲ್ಲ.